ಬಿಲ್ಲೆಯ ಬೆಲೆಯೂ ಬೆವರಿನ ಬೆಲೆಯೂ

ಎಂಟು ತಾಸು ಯಂತ್ರದ ಮುಂದೆ ನಿಂತು ಬಂದ ಕಾರ್ಮಿಕನಿಗೆ ರೂಪಾಯಿಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವ ಪುಡಿ ವ್ಯಾಪಾರಿಗೂ ಕಲಿಸಬೇಕಾಗಿಲ್ಲ. ಆದರೆ ಇದೇ ಜನ ರೂಪಾಯಿ ಕೊಟ್ಟು ಬಣ್ಣದ ಬಿಲ್ಲೆಯನ್ನು ಕೊಂಡೊಡನೆ ಅವರ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಕ್ಲಬ್ಬಿನ ಮೇಜಿನ ಮೇಲಾಗಲಿ, ಮೊಬೈಲಿನ ಪರದೆಯ ಮೇಲಾಗಲಿ, ಪೋಕರ್ ಎಂಬ ಇಸ್ಪೀಟಾಟದ ಪಂದ್ಯಾವಳಿಗೆ ಕುಳಿತವನು ಮುಂದಿರುವ ಬಿಲ್ಲೆಗಳ ರಾಶಿಯನ್ನು ನೋಡಿ "ಇಷ್ಟು ನನ್ನದು" ಎಂದುಕೊಳ್ಳುತ್ತಾನೆ. ಅದರಲ್ಲಿ ಎಷ್ಟು ಅವನದು, ಎಷ್ಟು ಅವನದಲ್ಲ ಎಂಬುದನ್ನು ಈ ವಾರ ಲೆಕ್ಕ ಹಾಕಿ ತೋರಿಸಬೇಕೆಂದಿದ್ದೇವೆ. ಜೂಜು ಕೆಟ್ಟದ್ದೆಂದು ಉಪದೇಶ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಉಪದೇಶ ಕೇಳಿ ಮೇಜು ಬಿಟ್ಟು ಎದ್ದವರು ಕಡಿಮೆ. ಲೆಕ್ಕ ತಿಳಿದರೆ ಏಳುವವರು ಇನ್ನಷ್ಟು ಜನ ಇದ್ದಾರೆಂಬುದು ನಮ್ಮ ನಂಬಿಕೆ.

ಪೋಕರ್ ಆಟದಲ್ಲಿ ಎರಡು ಬಗೆ. ಒಂದು ರೊಕ್ಕದ ಆಟ. ಅಲ್ಲಿ ನೂರು ರೂಪಾಯಿಯ ಬಿಲ್ಲೆ ಎಂದರೆ ನೂರು ರೂಪಾಯಿ. ಬೇಕಾದಾಗ ಎದ್ದು ಬಿಲ್ಲೆ ಒಪ್ಪಿಸಿ ಹಣ ತೆಗೆದುಕೊಂಡು ಮನೆಗೆ ಹೋಗಬಹುದು. ಇನ್ನೊಂದು ಪಂದ್ಯಾವಳಿ. ಅಲ್ಲಿ ಪ್ರವೇಶದ ಹಣ ಕಟ್ಟಿದವರಿಗೆಲ್ಲ ಸಮನಾಗಿ ಬಿಲ್ಲೆ ಹಂಚುತ್ತಾರೆ. ಬಿಲ್ಲೆ ಮುಗಿದವನು ಹೊರಗೆ. ಕೊನೆಗೆ ಉಳಿದ ಕೆಲವರಿಗೆ ಮಾತ್ರ ಬಹುಮಾನ. ನಡುವೆ ಎದ್ದು "ನನ್ನ ಬಿಲ್ಲೆಗೆ ಹಣ ಕೊಡಿ" ಎಂದರೆ ಯಾರೂ ಕೊಡುವುದಿಲ್ಲ. ಬಿಲ್ಲೆಯ ಮೇಲೆ ಅಚ್ಚಾದ ಸಂಖ್ಯೆ ರೂಪಾಯಿಯೂ ಅಲ್ಲ, ಪೈಸೆಯೂ ಅಲ್ಲ. ಅದು ಬಹುಮಾನದ ಸಾಲಿನಲ್ಲಿ ನಿಲ್ಲಲು ಕೊಟ್ಟ ಚೀಟಿ ಮಾತ್ರ.

ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ನಿದರ್ಶನವಿದೆ. 2003ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಕ್ಕೆ 839 ಮಂದಿ ತಲಾ 10,000 ಡಾಲರ್ ಪ್ರವೇಶಧನದಂತೆ ಕುಳಿತರು. ತಲಾ 10,000 ಬಿಲ್ಲೆ ಸಿಕ್ಕಿತು. ಡಾಲರಿನ ಸಂಖ್ಯೆಯೂ ಬಿಲ್ಲೆಯ ಸಂಖ್ಯೆಯೂ ಒಂದೇ. ಮರುಳಾಗಲು ಇನ್ನೇನು ಬೇಕು? ಕೊನೆಗೆ ಟೆನೆಸ್ಸಿಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಎಲ್ಲರನ್ನೂ ಸೋಲಿಸಿದ. ಮೇಜಿನ ಮೇಲಿದ್ದ 83 ಲಕ್ಷ 90 ಸಾವಿರ ಬಿಲ್ಲೆಗಳೆಲ್ಲವೂ ಅವನವಾದವು. ಅವನ ಕೈಗೆ ಬಂದ ಹಣವೆಷ್ಟು? 25 ಲಕ್ಷ ಡಾಲರ್. ಬಿಲ್ಲೆಗಳಲ್ಲಿ ನೂರಕ್ಕೆ ನೂರು, ಬಹುಮಾನದ ಹಣದಲ್ಲಿ ನೂರಕ್ಕೆ 32. ಉಳಿದದ್ದು ಬಿಲ್ಲೆ ಕಳೆದುಕೊಂಡು ಅವನಿಗಿಂತ ಮೊದಲು ಎದ್ದ ಕೆಲವರಿಗೆ ಹಂಚಿಹೋಯಿತು. ಕೂಡಿದ 83 ಲಕ್ಷ 90 ಸಾವಿರ ಡಾಲರಿನಲ್ಲಿ ಬಹುಮಾನಕ್ಕೆ ಬಂದದ್ದು 78 ಲಕ್ಷ 2 ಸಾವಿರದ 700 ಮಾತ್ರ. ನೂರಕ್ಕೆ 7ರಂತೆ ಮೊದಲೇ ಮುರಿದುಕೊಂಡಿದ್ದರು. ಎಲೆ ಯಾರಿಗೆ ಬಿದ್ದರೂ ಆ ಏಳಕ್ಕೆ ಮಾತ್ರ ಸೋಲಿಲ್ಲ.

ಈಗ ನಮ್ಮ ಅಳತೆಗೆ ತಕ್ಕ ಒಂದು ಮೇಜನ್ನು ಕಲ್ಪಿಸಿಕೊಳ್ಳೋಣ. ಹತ್ತು ಮಂದಿ, ತಲಾ ನೂರು ರೂಪಾಯಿ, ಒಟ್ಟು ಸಾವಿರ. ಪ್ರತಿಯೊಬ್ಬನಿಗೂ 1,000 ಬಿಲ್ಲೆ. ಬಹುಮಾನ ಮೂರು: ಮೊದಲನೆಯವನಿಗೆ 500, ಎರಡನೆಯವನಿಗೆ 300, ಮೂರನೆಯವನಿಗೆ 200. ಎಲ್ಲರ ಕೈಚಳಕವೂ ಸಮ ಎಂದಿಟ್ಟುಕೊಳ್ಳಿ. ಮೊದಲನೆಯ ಆಟದಲ್ಲಿಯೇ ಇಬ್ಬರು ತಮ್ಮ ಎಲ್ಲ ಬಿಲ್ಲೆಗಳನ್ನೂ ಪಣಕ್ಕಿಟ್ಟು ಸೆಣಸುತ್ತಾರೆ. ಒಬ್ಬ ಹೊರಬೀಳುತ್ತಾನೆ, ಇನ್ನೊಬ್ಬನ ಬಳಿ 2,000 ಬಿಲ್ಲೆ. ಬಿಲ್ಲೆ ಎರಡರಷ್ಟಾಯಿತು, ಹಣವೂ ಎರಡರಷ್ಟಾಗಿ ಇನ್ನೂರು ಆಯಿತೇ?

ಆಗಲಿಲ್ಲ. ಲೆಕ್ಕ ಹೀಗೆ. ಹತ್ತು ಸಾವಿರದಲ್ಲಿ ಎರಡು ಸಾವಿರ ಬಿಲ್ಲೆ ಇರುವವನು ಮೊದಲನೆಯವನಾಗುವ ಸಂಭವ ನೂರಕ್ಕೆ 20. ಬೇರೆ ಯಾರಾದರೂ ಮೊದಲನೆಯವನಾದರೆಂದು ತೆಗೆದಿಟ್ಟು, ಉಳಿದ ಬಿಲ್ಲೆಗಳಲ್ಲಿ ಇವನ ಪಾಲನ್ನು ನೋಡಿದರೆ ಎರಡನೆಯವನಾಗುವ ಸಂಭವ ನೂರಕ್ಕೆ ಸುಮಾರು 17.8. ಹಾಗೆಯೇ ಮೂರನೆಯ ಸ್ಥಾನಕ್ಕೆ ಸುಮಾರು 15.6. ಒಂದೊಂದನ್ನೂ ಆಯಾ ಬಹುಮಾನದಿಂದ ಗುಣಿಸಿ ಕೂಡಿದರೆ 100 ರೂಪಾಯಿ, 53 ರೂಪಾಯಿ 33 ಪೈಸೆ, 31 ರೂಪಾಯಿ 11 ಪೈಸೆ. ಒಟ್ಟು 184 ರೂಪಾಯಿ 44 ಪೈಸೆ. ಸೋತವನು ಕಳೆದುಕೊಂಡದ್ದು ಪೂರ್ತಿ ನೂರು. ಗೆದ್ದವನಿಗೆ ಸೇರಿದ್ದು 84 ರೂಪಾಯಿ 44 ಪೈಸೆ.

ಹಾಗಾದರೆ ಉಳಿದ 15 ರೂಪಾಯಿ 56 ಪೈಸೆ ಯಾರ ಜೇಬಿಗೆ ಹೋಯಿತು? ಎಲೆ ಮುಟ್ಟದೆ, ಬಿಲ್ಲೆ ಎಸೆಯದೆ ಸುತ್ತ ಕುಳಿತಿದ್ದ ಎಂಟು ಮಂದಿಯ ಜೇಬಿಗೆ! ಸ್ಪರ್ಧಿಯೊಬ್ಬ ಕಡಿಮೆಯಾದುದರಿಂದ ಪ್ರತಿಯೊಬ್ಬನ ಪಾಲೂ ಸುಮಾರು 1 ರೂಪಾಯಿ 94 ಪೈಸೆಯಷ್ಟು ಏರಿತು. ಚೀಟಿ ಹಾಕಿದವರಿಗೆ ಇದು ಹೊಸದಲ್ಲ. ಅವಸರದವನು ಚೀಟಿ ಕೂಗಿ ಬಿಟ್ಟುಕೊಟ್ಟ ಹಣ ಸುಮ್ಮನೆ ಕುಳಿತ ಸದಸ್ಯರಿಗೆಲ್ಲ ಹಂಚಿಹೋಗುವುದಿಲ್ಲವೇ? ಒಂದೇ ವ್ಯತ್ಯಾಸ. ಚೀಟಿಯಲ್ಲಿ ಇಂದು ಬಿಟ್ಟುಕೊಟ್ಟವನಿಗೂ ನಾಳೆ ಪಾಲು ಬರುತ್ತದೆ, ಕಷ್ಟದ ಕಾಲಕ್ಕೆ ಗಂಟು ಕೈಗೆ ಸಿಗುತ್ತದೆ. ಇಲ್ಲಿ ಹೊರಬಿದ್ದವನಿಗೆ ಬರಿಗೈ.

ಆದುದರಿಂದ ಈ ಮೇಜಿನಲ್ಲಿ ಸಮಸಮವಾದ ಪಣವೆಂಬುದು ಮೋಸದ ಮಾತು. ಗೆಲುವು ಸೋಲು ಸಮವಿದ್ದರೆ ಪಣಕ್ಕಿಟ್ಟ ನೂರಕ್ಕೆ ಪ್ರತಿಯಾಗಿ ಸರಾಸರಿ ಉಳಿಯುವುದು 92 ರೂಪಾಯಿ 22 ಪೈಸೆ. ನಷ್ಟವಿಲ್ಲದೆ ಉಳಿಯಬೇಕಾದರೂ ನೂರರಲ್ಲಿ 54ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಆಟ ನಡೆಸುವವನು ನೂರರ ಮೇಲೆ ಹತ್ತು ರೂಪಾಯಿ ಶುಲ್ಕ ಹಾಕಿದನೆನ್ನಿ. ಆಗ 110 ಕೊಟ್ಟು 92ನ್ನು ಎದುರು ನೋಡಿದಂತಾಯಿತು. ಯಾವ ಅಂಗಡಿಕಾರ ಈ ದರದಲ್ಲಿ ಸರಕು ಕೊಳ್ಳುತ್ತಾನೆ?

ಅದೇ ಆಟವನ್ನು ಕೊನೆಯ ಮೂವರ ತನಕ ಕೊಂಡೊಯ್ಯೋಣ. ಒಬ್ಬನ ಬಳಿ 5,000 ಬಿಲ್ಲೆ, ಇನ್ನೊಬ್ಬನ ಬಳಿ 3,000, ಮತ್ತೊಬ್ಬನ ಬಳಿ 2,000. ಅರ್ಧ ಬಿಲ್ಲೆ ಇರುವವನಿಗೆ ಸಾವಿರದಲ್ಲಿ ಅರ್ಧ ಸಲ್ಲಬೇಕಲ್ಲವೇ? ಲೆಕ್ಕ ಬೇರೆಯೇ ಹೇಳುತ್ತದೆ. ದೊಡ್ಡ ರಾಶಿಯ ಬೆಲೆ 383 ರೂಪಾಯಿ 93 ಪೈಸೆ. ನಡುವಣದ್ದು 327 ರೂಪಾಯಿ 50 ಪೈಸೆ. ಸಣ್ಣ ರಾಶಿಯದು 288 ರೂಪಾಯಿ 57 ಪೈಸೆ. ಮೂವರಿಗೂ ತಲಾ 200 ಆಗಲೇ ಖಾತ್ರಿಯಾಗಿದೆ. ಹೋರಾಟವೆಲ್ಲ ಉಳಿದ ನಾನೂರಕ್ಕೆ. ಬಿಲ್ಲೆಯೊಂದರ ಬೆಲೆಯನ್ನು ನೋಡಿ: ಶ್ರೀಮಂತನ ಕೈಯಲ್ಲಿ ಏಳೂಮುಕ್ಕಾಲು ಪೈಸೆಯಷ್ಟು, ಬಡವನ ಕೈಯಲ್ಲಿ ಹದಿನಾಲ್ಕು ಪೈಸೆಗೂ ಮೇಲೆ. ಅದೇ ಮೇಜು, ಅದೇ ಬಿಲ್ಲೆ, ಎರಡು ಬೆಲೆ.

ಬಡವನ ಬಿಲ್ಲೆಗೆ ಬೆಲೆ ಹೆಚ್ಚು, ಇದಲ್ಲವೇ ಸಮಾಜವಾದ ಎಂದು ಯಾರಾದರೂ ನಕ್ಕಾರು. ನಗುವ ಮಾತಲ್ಲ. ಅವನ ಬಿಲ್ಲೆಗೆ ಬೆಲೆ ಹೆಚ್ಚಿರುವುದು ಅದು ಹೋದರೆ ಅವನೇ ಹೋಗುತ್ತಾನೆ ಎಂಬ ಕಾರಣಕ್ಕೆ. ಇದನ್ನು ಬಲ್ಲ ದೊಡ್ಡ ರಾಶಿಯವನು ಎಲೆ ಚೆನ್ನಾಗಿಲ್ಲದಿದ್ದರೂ ದೊಡ್ಡ ಪಣ ಒಡ್ಡಿ ಹೆದರಿಸುತ್ತಾನೆ. ಸಣ್ಣವನು ತನ್ನ ಎಲೆ ಒಳ್ಳೆಯದಿದ್ದರೂ ಮಡಚಿ ಇಡಬೇಕಾಗುತ್ತದೆ. ದೊಡ್ಡ ಬಂಡವಳದ ಮಳಿಗೆ ಆರು ತಿಂಗಳು ನಷ್ಟಕ್ಕೆ ಮಾರಿ ಮೂಲೆಯಂಗಡಿಯನ್ನು ಮುಚ್ಚಿಸುವ ಬಗೆಯೂ ಇದೇ. ದೊಡ್ಡವನು ಹತ್ತು ಸಲ ಸೋಲಬಲ್ಲ. ಸಣ್ಣವನು ಒಂದೇ ಸಲ. ಅಕ್ಕಿಗೆಂದು ಇಟ್ಟ ಕೊನೆಯ ನೂರು ರೂಪಾಯಿಗೆ ಕಾರ್ಮಿಕನ ಮನೆಯಲ್ಲಿ ಇರುವ ಬೆಲೆ ಮಾಲೀಕನ ಮನೆಯಲ್ಲಿ ಇದೆಯೇ?

ಈ ಲೆಕ್ಕ ನಮ್ಮ ಕಲ್ಪನೆಯಲ್ಲ. ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಕುದುರೆಗಳು ಯಾವ ಕ್ರಮದಲ್ಲಿ ಗುರಿ ಮುಟ್ಟಬಹುದೆಂಬುದಕ್ಕೆ ಒಂದು ಸೂತ್ರ ಕೊಟ್ಟ. ಮೇಸನ್ ಮಾಲ್ಮತ್ ಎಂಬಾತ 1987ರಲ್ಲಿ ಅದನ್ನು ಪೋಕರ್ ಬಿಲ್ಲೆಗೆ ಅನ್ವಯಿಸಿದ. ಆಟಗಾರರ ಸಾಮರ್ಥ್ಯ ಸಮವೆಂದು ಅದು ಭಾವಿಸುತ್ತದೆ, ಕೂತ ಸ್ಥಾನದ ಅನುಕೂಲವನ್ನು ಗಣಿಸುವುದಿಲ್ಲ. ಆದರೂ ವೃತ್ತಿಯ ಆಟಗಾರರಿಗೆ ಇದೇ ಮೂಲಪಾಠ. ಅವರು ಗಣಕಯಂತ್ರದಲ್ಲಿ ಇದನ್ನು ಸಾವಿರಾರು ಸಲ ಅಭ್ಯಾಸ ಮಾಡಿ ಬರುತ್ತಾರೆ. ನಮ್ಮವನು ಎರಡನೆಯ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ಬರುತ್ತಾನೆ.

ಕಂಪನಿಗಳು ನ್ಯಾಯಾಲಯಗಳಲ್ಲಿ ಹೂಡಿದ ವಾದವನ್ನು ಈ ಬೆಳಕಿನಲ್ಲಿ ಪರೀಕ್ಷಿಸಬೇಕು. ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬುದು ಅವರ ವಾದ. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತ್ತು. ಪೋಕರಿನಲ್ಲಿಯೂ ಕೌಶಲ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮೇಲಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಆದರೆ ಯಾರ ಕೌಶಲ? ಕೌಶಲದ ಆಟವೆಂದ ಮೇಲೆ ಬಲ್ಲವನು ಅರಿಯದವನನ್ನು ದಿನವೂ ಸೋಲಿಸುತ್ತಾನೆ ಎಂದೇ ಅರ್ಥ. ಅದೃಷ್ಟದ ಆಟದಲ್ಲಾದರೂ ಬಡವನಿಗೆ ಒಂದು ದಿನ ಬಂದೀತು.

ಸರಕಾರಗಳ ನಡೆಯೂ ನೇರವಾಗಿರಲಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸು ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಆ ನಿಷೇಧವನ್ನು ರದ್ದುಪಡಿಸಿತು. 2023ರ ಅಕ್ಟೋಬರಿನಿಂದ ಆಟಗಾರ ಕಟ್ಟಿದ ಪೂರ್ತಿ ಹಣದ ಮೇಲೆ ನೂರಕ್ಕೆ 28ರಂತೆ ಜಿ.ಎಸ್.ಟಿ. ವಸೂಲಾಯಿತು. ಹಾಗೆ ಸರಕಾರವೂ ಮೇಜಿನ ಪಾಲುದಾರನಾಯಿತು! 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬ ಅಂದಾಜು ಆಗ ಸರಕಾರದ ಕಡೆಯಿಂದಲೇ ಹೊರಬಿತ್ತು. ಆಟ ನಡೆಸುವವರಿಗೆ ಮೂರು ವರ್ಷದ ತನಕ ಸೆರೆ, ಒಂದು ಕೋಟಿಯ ತನಕ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಈ ಕೊನೆಯ ಅಂಶವನ್ನು ನಾವು ಸ್ವಾಗತಿಸುತ್ತೇವೆ. ಸುಲಿಗೆಗೊಳಗಾದವನನ್ನು ಸೆರೆಮನೆಗೆ ನೂಕುವುದು ನ್ಯಾಯವಲ್ಲ.

ಆದರೆ ಕಾಯ್ದೆಯೊಂದರಿಂದ ಚಟ ಸಾಯುವುದಿಲ್ಲ. ಇಲ್ಲಿ ಬಾಗಿಲು ಮುಚ್ಚಿದರೆ ಸಮುದ್ರದಾಚೆಯ ಬಾಗಿಲು ತೆರೆದಿರುತ್ತದೆ. ಅಲ್ಲಿ ಮೋಸಹೋದವನು ಯಾವ ಠಾಣೆಗೆ ಹೋಗಬೇಕು? ಆದುದರಿಂದ ನಮ್ಮ ಒತ್ತಾಯಗಳು ಇವು. ಹೊರದೇಶದ ಆಟದ ಅಂಗಡಿಗಳಿಗೆ ಇಲ್ಲಿಂದ ಹಣ ಹರಿಯುವ ದಾರಿಯನ್ನು ಸರಕಾರ ಬ್ಯಾಂಕುಗಳ ಮಟ್ಟದಲ್ಲಿಯೇ ಕಟ್ಟಬೇಕು. ಚಟಕ್ಕೆ ಬಿದ್ದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಪುಕ್ಕಟೆ ಚಿಕಿತ್ಸೆ ದೊರೆಯಬೇಕು. ಆಟದ ಸಾಲಕ್ಕೆ ಬಡ್ಡಿ ಬೆಳೆಸಿ ಮನೆಬಾಗಿಲಿಗೆ ಗೂಂಡಾಗಳನ್ನು ಕಳಿಸುವವರ ಮೇಲೆ ಕ್ರಮ ಜರುಗಬೇಕು. ತುರ್ತಿಗೆ ಕೈಸಾಲ ಸಿಗುವಂತೆ ಕಾರ್ಮಿಕರ ಮತ್ತು ವ್ಯಾಪಾರಿಗಳ ಸಹಕಾರ ಸಂಘಗಳಿಗೆ ಬಲ ತುಂಬಬೇಕು. ಒಂದೇ ರಾತ್ರಿಯಲ್ಲಿ ಸಾಲ ತೀರಿಸುವ ಆಸೆಯೇ ಅನೇಕರನ್ನು ಮೇಜಿಗೆ ಎಳೆಯುತ್ತದೆ. ಸಾಲ ಉಳಿದಿರುವಾಗ ಆಸೆಯನ್ನು ಮಾತ್ರ ಬೈದು ಫಲವೇನು?

ಕಾರ್ಮಿಕ ಸಂಘಗಳಿಗೂ ಒಂದು ಮಾತು. ಹಿಂದೆ ಇಂಗ್ಲೆಂಡಿನ ಮಾಲೀಕರು ಕೂಲಿಯನ್ನು ನಾಣ್ಯದಲ್ಲಿ ಕೊಡದೆ ತಮ್ಮ ಅಂಗಡಿಯಲ್ಲಿ ಮಾತ್ರ ನಡೆಯುವ ಟೋಕನಿನಲ್ಲಿಯೂ ಸರಕಿನಲ್ಲಿಯೂ ಕೊಡುತ್ತಿದ್ದರು. ಟೋಕನಿನ ಬೆಲೆ ಅದನ್ನು ಅಚ್ಚು ಹಾಕಿದವನ ಮರ್ಜಿ. 1831ರ ಟ್ರಕ್ ಕಾಯ್ದೆ ಅದನ್ನು ತಡೆಯಿತು. ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯ್ದೆ, ಕೂಲಿಯನ್ನು ಚಲಾವಣೆಯ ನಾಣ್ಯ ನೋಟುಗಳಲ್ಲಿಯೇ ಕೊಡಬೇಕೆಂದು ವಿಧಿಸಿತು. ಅಂಥ ಕಾಯ್ದೆಗಳು ಯಾರೂ ದಯಪಾಲಿಸಿದವಲ್ಲ. ಅವುಗಳ ಹಿಂದೆ ದುಡಿಯುವವರ ಕೂಗಿತ್ತು. ತನ್ನ ಕೂಲಿಯನ್ನು ಟೋಕನಿನಲ್ಲಿ ಪಡೆಯಲಾರೆನೆಂದ ವರ್ಗ ಇಂದು ಬಟವಾಡೆಯ ದಿನ ಕೈಗೆ ಬಂದ ರೂಪಾಯಿಯನ್ನು ತಾನಾಗಿಯೇ ಟೋಕನಾಗಿ ಮಾರ್ಪಡಿಸಿಕೊಳ್ಳುವುದೇ?

ಮೇಲಿನ ಲೆಕ್ಕವನ್ನು ಸಂಘದ ಕಚೇರಿಯಲ್ಲಿ, ವಾಚನಾಲಯದಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಹತ್ತು ಮಂದಿ ಕುಳಿತು ಸೀಮೆಸುಣ್ಣದಿಂದ ಬರೆದು ನೋಡಿ. ಬಿಲ್ಲೆಗೆ ಬದಲಾಗಿ ಹುಣಿಸೆಬೀಜ ಇಟ್ಟುಕೊಂಡರೆ ಸಾಕು. ಬೀಜ ಎಷ್ಟು ಸೋತರೂ ಮನೆಯ ಒಲೆ ಆರುವುದಿಲ್ಲ. ಬಿಲ್ಲೆಯ ಬೆಲೆಯನ್ನು ಆಟ ಕಟ್ಟಿದವನು ಗೊತ್ತುಮಾಡುತ್ತಾನೆ. ಬೆವರಿನ ಬೆಲೆಯನ್ನಾದರೂ ನಾವು ಸಂಘಟಿತರಾಗಿ ಗೊತ್ತುಮಾಡೋಣ.