ಭೋಪಾಳದ ಪಾಠ: ಮುನ್ನೆಚ್ಚರಿಕೆಗೆ ಉತ್ತರವೆಲ್ಲಿ?

1984ನೆಯ ಇಸವಿಯ ಡಿಸೆಂಬರ 2ನೆಯ ತಾರೀಖಿನ ರಾತ್ರಿ ಭೋಪಾಳ ನಗರದ ಮೇಲೆ ವಿಷವಾಯುವು ಹರಡಿ, ಮಲಗಿದ್ದ ಸಾವಿರಾರು ಜನರು ಪ್ರಾಣ ಕಳೆದುಕೊಂಡ ಸಂಗತಿಯು ಲೋಕಕ್ಕೆಲ್ಲ ತಿಳಿದದ್ದೇ ಆಗಿದೆ. ಆದರೆ ಆ ಅನಾಹುತವು ಸುಳಿವು ಕೊಡದೆ ಬಂದುದಲ್ಲವೆಂಬುದನ್ನು ಅಷ್ಟೇ ಜನರು ಬಲ್ಲರೆಂದು ಹೇಳಲಾಗದು. ಅದಕ್ಕೆ ಎರಡು ವರುಷಗಳಿಗೂ ಮೊದಲೇ, ಅದೇ ಊರಿನ ಒಂದು ಸಣ್ಣ ಹಿಂದೀ ವಾರಪತ್ರಿಕೆಯು ಅಪಾಯವು ಎಲ್ಲಿ ಅಡಗಿದೆ, ಏತರಿಂದ ಒದಗುವುದು, ಯಾರ ಮೇಲೆ ಬೀಳುವುದು ಎಂಬುದನ್ನು ಅಚ್ಚು ಮಾಡಿ ಊರಿನ ಕೈಯಲ್ಲಿಟ್ಟಿತ್ತು. ಓದಬೇಕಾದವರು ಓದಿದರು, ಉತ್ತರ ಕೊಡಬೇಕಾದವರು ಕೊಡಲಿಲ್ಲ. ಅನ್ಯಾಯವನ್ನೂ ಅಜಾಗರೂಕತೆಯನ್ನೂ ಹುಡುಕಿ ಹೊರಗೆಡಹುವ ಪತ್ರಿಕಾವೃತ್ತಿಯ ಬೆಲೆಯೇನೆಂದು ವಿಚಾರಿಸುವವರು ಈ ಒಂದು ಉದಾಹರಣೆಯನ್ನು ಲಕ್ಷ್ಯವಿಟ್ಟು ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಆ ವಾರಪತ್ರಿಕೆಯ ಹೆಸರು ‘ರಪಟ್’; ಬರೆದವರು ರಾಜಕುಮಾರ ಕೇಸ್ವಾನಿಯವರು. ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕದ ಕಾರಖಾನೆಯಲ್ಲಿ 1981ರ ಡಿಸೆಂಬರ ತಿಂಗಳಲ್ಲಿ ಫಾಸ್‌ಜೀನ್ ಎಂಬ ವಿಷವಸ್ತುವು ಸೋರಿ ಕೆಲಸಗಾರನೊಬ್ಬನು ಅಸುನೀಗಿದನು. ಊರು ಅದನ್ನು ಆಕಸ್ಮಿಕವೆಂದು ಬಗೆದು ಮರೆಯಿತು, ಕೇಸ್ವಾನಿಯವರು ಮರೆಯಲಿಲ್ಲ. ಅವರು ತಿಂಗಳುಗಟ್ಟಲೆ ಕಾರಖಾನೆಯ ನೌಕರರನ್ನು ಕಂಡು ಮಾತಾಡಿದರು. ತಮಗೆ ತಿಳಿಯದ ರಸಾಯನಶಾಸ್ತ್ರವನ್ನು ಗ್ರಂಥಗಳಿಂದ ಕಲಿತರು. ಅಲ್ಲಿ ಕೂಡಿಟ್ಟಿದ್ದ ವಿಷದ ಅನಿಲಗಳು ಗಾಳಿಗಿಂತ ಭಾರವಾದವು; ಸೋರಿದರೆ ಮೇಲಕ್ಕೆ ಏರಿ ಚದರಿಹೋಗದೆ, ನೆಲವನ್ನು ಹಿಡಿದು ಗುಡಿಸಲುಗಳ ಕಡೆಗೆ ಹರಿಯತಕ್ಕವು ಎಂಬುದನ್ನು ಅವರು ಅರಿತರು. 1982ರ ಮೇ ತಿಂಗಳಲ್ಲಿ ಅಮೆರಿಕೆಯಿಂದ ಬಂದ ಕಂಪನಿಯ ಸ್ವಂತ ತಜ್ಞರು ಕಾರಖಾನೆಯನ್ನು ಪರೀಕ್ಷಿಸಿ ಬರೆದಿಟ್ಟ ವರದಿಯನ್ನೂ ಸಂಪಾದಿಸಿದರು. ಯಂತ್ರಗಳ ಕೆಡುಕಿನಿಂದಲಾಗಲಿ ನಡೆಸುವವರ ತಪ್ಪಿನಿಂದಲಾಗಲಿ ವಿಷವು ಹೊರಗೆ ಹರಿಯುವ ಸಂಭವವುಂಟೆಂದು ಆ ತಜ್ಞರೇ ಒಪ್ಪಿಕೊಂಡಿದ್ದರು.

ಇಷ್ಟು ಆಧಾರವನ್ನು ಕೈಯಲ್ಲಿ ಹಿಡಿದ ಮೇಲೆಯೇ ಅವರು ಲೇಖನಿಯನ್ನೆತ್ತಿದುದು. 1982ರ ಸಪ್ಟಂಬರ 17ರ ಲೇಖನವು ಈ ಊರನ್ನು ಉಳಿಸಿರೆಂದು ಮೊರೆಯಿಟ್ಟಿತು. ಅಕ್ಟೋಬರ 1ರ ಲೇಖನವು ಭೋಪಾಳವು ಜ್ವಾಲಾಮುಖಿಯ ಬಾಯ ಮೇಲೆ ಕುಳಿತಿದೆಯೆಂದು ಹೇಳಿತು. ಅಕ್ಟೋಬರ 8ರ ಲೇಖನವು, ಈಗ ತಿಳಿದುಕೊಳ್ಳದಿದ್ದರೆ ಕಡೆಗೆ ಅಳಿದೇ ಹೋಗುವಿರೆಂದು ಕಟುವಾಗಿ ನುಡಿಯಿತು. ಆ ಅಕ್ಟೋಬರ ತಿಂಗಳಲ್ಲಿಯೇ ಕಾರಖಾನೆಯಿಂದ ಮತ್ತೊಮ್ಮೆ ವಿಷವು ಸೋರಿ ಸುತ್ತಣ ಬಸ್ತಿಗಳ ಜನರು ಭಯದಿಂದ ಓಡಿದರು. ಬರೆದುದು ಕಟ್ಟುಕಥೆಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿತ್ತೆ? ಅಂಗೈ ಹುಣ್ಣಿಗೆ ಕನ್ನಡಿಯೇಕೆ?

ಆದರೂ ಆದುದೇನು? ಕೇಸ್ವಾನಿಯವರು ರಾಜ್ಯದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಫಲ ದೊರೆಯಲಿಲ್ಲ. ಡಿಸೆಂಬರ ತಿಂಗಳಲ್ಲಿ ಮಧ್ಯಪ್ರದೇಶದ ವಿಧಾನಸಭೆಯಲ್ಲಿ ಪ್ರಶ್ನೆಯೆದ್ದಾಗ, ಕಾರ್ಮಿಕ ಖಾತೆಯ ಮಂತ್ರಿಗಳು ಕೊಟ್ಟ ಉತ್ತರದ ತಾತ್ಪರ್ಯವು ಇಷ್ಟು: ಆ ಕಾರಖಾನೆಯಲ್ಲಿ 25 ಕೋಟಿ ರೂಪಾಯಿಗಳ ಬಂಡವಾಳವು ತೊಡಗಿದೆ; ಬೇಕಾದಲ್ಲಿಗೆ ಎತ್ತಿಡಲು ಅದೇನು ಸಣ್ಣ ಕಲ್ಲಲ್ಲ; ಭೋಪಾಳಕ್ಕೆ ಅಪಾಯವು ಇಲ್ಲ, ಮುಂದೆಯೂ ಬಾರದು. ಮಂತ್ರಿಗಳು ಬಂಡವಾಳದ ಲೆಕ್ಕವನ್ನು ಸಭೆಗೆ ತಿಳಿಸಿದರು. ಕಾರಖಾನೆಯ ಗೋಡೆಗೆ ತಗಲಿ ಬದುಕುತ್ತಿದ್ದ ಜನರ ಲೆಕ್ಕವನ್ನು ತಿಳಿಸಲಿಲ್ಲ. ಕೇಸ್ವಾನಿಯವರು ಅಷ್ಟಕ್ಕೂ ಬಿಡದೆ 1984ರ ಜೂನ 16ರಂದು ‘ಜನಸತ್ತಾ’ ದಿನಪತ್ರಿಕೆಯಲ್ಲಿ ಅದೇ ಮಾತನ್ನು ಇನ್ನೊಮ್ಮೆ ಬರೆದರು. ಅದಾದ ಮೇಲೆ ಉಳಿದುದು ಐದೂವರೆ ತಿಂಗಳು ಮಾತ್ರ.

ಆ ರಾತ್ರಿಯಲ್ಲಿ ಕಾರಖಾನೆಯ ಸ್ಥಿತಿಯು ಹೇಗಿತ್ತೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವವು 40 ಟನ್ನುಗಳಷ್ಟು ಒಂದೇ ತೊಟ್ಟಿಯಲ್ಲಿ ತುಂಬಿತ್ತು. ಅದನ್ನು ತಣ್ಣಗಿರಿಸಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬೀಳುವ ಅನಿಲವನ್ನು ಸುಟ್ಟುಹಾಕತಕ್ಕ ಗೋಪುರಕ್ಕೆ ಹೋಗುವ ಕೊಳವೆಯನ್ನು ದುರಸ್ತಿಗಾಗಿ ಕಳಚಿದ್ದರು. ಅನಿಲವನ್ನು ತೊಳೆದು ನಿರ್ವಿಷಗೊಳಿಸುವ ಯಂತ್ರವು ಆ ಹೊತ್ತಿಗೆ ನಡೆಯುತ್ತಿರಲಿಲ್ಲ. ವ್ಯಾಪಾರವು ತಗ್ಗಿತೆಂಬ ಕಾರಣದಿಂದ ಈ ವಿಭಾಗದಲ್ಲಿ ಒಂದು ಪಾಳಿಗೆ 12 ಜನರು ಇರುತ್ತಿದ್ದಲ್ಲಿ 6 ಜನರನ್ನು ಉಳಿಸಿದ್ದರು. ತೊಟ್ಟಿಯೊಳಗೆ ನೀರು ಹೊಕ್ಕು ದ್ರವವು ಕುದಿಯತೊಡಗಿದಾಗ ತಡೆಯುವ ಸಾಧನಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಒದ್ದೆಯ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡು ಗಾಳಿಗೆ ಅಡ್ಡವಾಗಿ ನಡೆಯಿರೆಂಬ ಒಂದು ಮಾತನ್ನು ಜನರಿಗೆ ಮೊದಲೇ ಕಲಿಸಿದ್ದರೂ ಎಷ್ಟೋ ಜೀವಗಳು ಉಳಿಯುತ್ತಿದ್ದುವು. ಅದನ್ನು ಹೇಳುವವರಿರಲಿಲ್ಲ. ಆಸ್ಪತ್ರೆಯ ವೈದ್ಯರಿಗೆ ಕೂಡ, ತಮ್ಮ ಮುಂದೆ ಉಸಿರು ಕಟ್ಟಿ ಬೀಳುತ್ತಿರುವವರು ಯಾವ ವಿಷವನ್ನು ಕುಡಿದವರೆಂಬುದು ಗೊತ್ತಿರಲಿಲ್ಲ.

ದುರಂತವಾದ ಮೇಲೆ ಲೋಕದ ದೊಡ್ಡ ದೊಡ್ಡ ಪತ್ರಿಕೆಗಳು ಭೋಪಾಳಕ್ಕೆ ಬಂದುವು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಏಳು ವಾರಗಳ ಶೋಧನೆ ನಡೆಯಿಸಿ, ಕಾರಖಾನೆಯ ಲೋಪಗಳನ್ನು ಒಂದೊಂದಾಗಿ ಎಣಿಸಿ 1985ರ ಜನೆವರಿಯಲ್ಲಿ ಪ್ರಕಟಿಸಿತು. ಅದು ಶ್ಲಾಘ್ಯವಾದ ಕೆಲಸವೇ ಸರಿ. ಕೇಸ್ವಾನಿಯವರಿಗೆ ಬಿ. ಡಿ. ಗೋಯಂಕಾ ಪ್ರಶಸ್ತಿಯೂ ದೊರೆಯಿತು. ಆದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಆಗ ಬಂದ ಸತ್ಯವು ಸತ್ತವರಿಗೆ ಬದುಕನ್ನು ತರಲಿಲ್ಲ. ಎರಡು ವರುಷ ಮೊದಲು ಎರಡು ಪುಟಗಳ ಜಾಗವನ್ನು ಕೊಡದಿದ್ದ ಪತ್ರಿಕಾಲೋಕವು ಆಮೇಲೆ ಪುಟಗಟ್ಟಲೆ ಶೋಕವನ್ನು ಬರೆಯಬೇಕಾಯಿತು. ಈ ದೋಷದಲ್ಲಿ ಪತ್ರಿಕೆಗಳವರಾದ ನಮಗೂ ಪಾಲುಂಟೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಸಣ್ಣ ಪತ್ರಿಕೆಯು ಮೊದಲು ತಂದ ಸುದ್ದಿಯೆಂಬ ಮಾತ್ರಕ್ಕೆ ದೊಡ್ಡ ಪತ್ರಿಕೆಯು ಅದನ್ನು ಮುಟ್ಟದಿರುವುದೂ, ಜಾಹೀರಾತು ಕೊಡುವ ಕಂಪನಿಯ ಹೆಸರು ಬಂದೊಡನೆ ಲೇಖನಿಯು ತಡವರಿಸುವುದೂ ಇಂದಿಗೂ ನಮ್ಮ ವೃತ್ತಿಯನ್ನು ಬಿಟ್ಟುಹೋಗದ ಜಾಡ್ಯಗಳಾಗಿವೆ.

ಇಂಥ ಬರವಣಿಗೆಯಿಂದ ಜನರಲ್ಲಿ ಭೀತಿಯು ಹಬ್ಬುವುದೆಂದೂ, ಬಂಡವಾಳ ಹೂಡುವವರು ಹಿಂಜರಿಯುವರೆಂದೂ, ದ್ವೇಷದಿಂದ ಸುಳ್ಳು ಬರೆಯುವವರಿಗೆ ಅವಕಾಶವಾಗುವುದೆಂದೂ ಅಧಿಕಾರಿಗಳು ಆಕ್ಷೇಪಿಸುವುದುಂಟು. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಬೀದಿಯ ಮಾತನ್ನೇ ಸುದ್ದಿಯೆಂದು ಅಚ್ಚು ಹಾಕುವವರೂ, ಬಾಯಿ ಮುಚ್ಚಿಕೊಳ್ಳಲು ಹಣ ಕೇಳುವವರೂ ಪತ್ರಿಕಾವೃತ್ತಿಯ ಹೆಸರನ್ನು ಕೆಡಿಸುತ್ತಿರುವರು. ಅವರಿಗೆ ತಕ್ಕ ಶಿಕ್ಷೆಯಾಗಲಿ. ಆದರೆ ಸುಳ್ಳು ವರದಿಗೆ ಮದ್ದು ಮೌನವಲ್ಲ, ದಾಖಲೆ. ತಣ್ಣಗಿರಿಸುವ ಯಂತ್ರವು ನಿಂತಿದೆಯೆಂದು ಯಾವನಾದರೂ ಬರೆದರೆ, ಒಬ್ಬ ಇನ್‌ಸ್ಪೆಕ್ಟರನು ಹೋಗಿ ನೋಡಿ, ನಡೆಯುತ್ತಿದೆಯೆಂದು ಸಹಿ ಹಾಕಿ ಪ್ರಕಟಿಸುವುದಕ್ಕೆ ಒಂದು ದಿನ ಸಾಕು. ಸುಳ್ಳಾದರೆ ಬರೆದವನ ಮಾನ ಹೋಗುವುದು. ನಿಜವಾದರೆ ಊರು ಉಳಿಯುವುದು. ಇವೆರಡರಲ್ಲಿ ಯಾವುದರಿಂದಲೂ ಸರಕಾರಕ್ಕೆ ನಷ್ಟವಿಲ್ಲ. ಪರೀಕ್ಷಿಸದೆಯೇ ಅಪಾಯವಿಲ್ಲವೆಂದು ಸಾರುವ ಉತ್ತರದಿಂದ ಮಾತ್ರ ನಷ್ಟವು ತಪ್ಪದು.

ಆ ನಷ್ಟದ ಲೆಕ್ಕವನ್ನೂ ನೋಡುವಾ. ಸತ್ತವರ ಸಂಖ್ಯೆಯು ಸರಕಾರದ ಎಣಿಕೆಯಂತೆಯೇ 5,000ವನ್ನು ಮೀರಿತು. ನೊಂದವರ ಸಂಘಗಳು ಅದಕ್ಕಿಂತ ಬಹುಪಾಲು ಹೆಚ್ಚೆಂದು ಹೇಳುತ್ತ ಬಂದಿವೆ. ಬಾಧೆಗೆ ಈಡಾದವರು 5,58,125 ಜನರೆಂದು ರಾಜ್ಯ ಸರಕಾರವು 2006ರಲ್ಲಿ ಪ್ರಮಾಣಪೂರ್ವಕವಾಗಿ ತಿಳಿಸಿತು. 25 ಕೋಟಿ ರೂಪಾಯಿಗಳ ಕಾರಖಾನೆಯನ್ನು ಕದಲಿಸಲಾಗದೆಂದವರ ಕಣ್ಣೆದುರಿನಲ್ಲಿಯೇ, ಕಂಪನಿಯು 1989ರಲ್ಲಿ 47 ಕೋಟಿ ಡಾಲರುಗಳನ್ನು ಪರಿಹಾರವೆಂದು ಕೊಡಬೇಕಾಯಿತು; ಅದೂ ಹಂಚಿಹೋದಾಗ ಒಬ್ಬೊಬ್ಬರ ಪಾಲಿಗೆ ಬಂದುದು ಅಲ್ಪವೇ. ಏಳು ಜನ ಭಾರತೀಯ ಅಧಿಕಾರಿಗಳಿಗೆ ಎರಡೆರಡು ವರುಷಗಳ ಶಿಕ್ಷೆಯು ವಿಧಿಸಲ್ಪಟ್ಟುದು 2010ರ ಜೂನ 7ರಂದು, ಎಂದರೆ ಇಪ್ಪತ್ತೈದು ವರುಷಗಳು ಕಳೆದ ಮೇಲೆ. ಪರಿಹಾರವನ್ನು ಹೆಚ್ಚಿಸಬೇಕೆಂಬ ಕೇಂದ್ರ ಸರಕಾರದ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟು 2023ರಲ್ಲಿ ತಳ್ಳಿಹಾಕಿತು. ಕಾರಖಾನೆಯ ಅಂಗಳದಲ್ಲಿ ಬಿದ್ದಿದ್ದ ಸುಮಾರು 337 ಟನ್ನು ವಿಷದ ಕಸವನ್ನು ಪೀಥಂಪುರಕ್ಕೆ ಸಾಗಿಸಿ ಸುಟ್ಟುದು 2025ರಲ್ಲಿ. ಎಚ್ಚರಿಕೆ ಕೊಟ್ಟ ಕೇಸ್ವಾನಿಯವರು 2021ರಲ್ಲಿಯೇ ತೀರಿಕೊಂಡಿದ್ದರು.

ಈ ಕಥೆಯಿಂದ ಕಲಿಯತಕ್ಕ ಪಾಠವೇನು? ಸತ್ಯವನ್ನು ಹುಡುಕಿ ತೆಗೆಯುವ ಪತ್ರಿಕೆಯಿಲ್ಲದ್ದರಿಂದ ಭೋಪಾಳವು ಸಾಯಲಿಲ್ಲ. ಪತ್ರಿಕೆಯು ಇದ್ದಿತು, ಆಧಾರವು ಇದ್ದಿತು, ಕಾಲಾವಕಾಶವೂ ಇದ್ದಿತು. ಇಲ್ಲದಿದ್ದುದು ಒಂದೇ: ಎಚ್ಚರಿಕೆಯನ್ನು ಕೇಳಿದವನು ಉತ್ತರ ಕೊಟ್ಟೇ ತೀರಬೇಕೆಂಬ ಕಟ್ಟುಪಾಡು. ಪರಕೀಯರ ಆಳಿಕೆಯಲ್ಲಿ ಇಂಥ ಕಟ್ಟುಪಾಡನ್ನು ಬಯಸುವುದೇ ಹುಚ್ಚಾಗಿತ್ತು. 1910ರಲ್ಲಿ ಮುದ್ರಣದ ಕಾಯದೆಯಿಂದ ಠೇವಣಿಯನ್ನು ಕೇಳಿ ಪತ್ರಿಕೆಗಳ ಕತ್ತು ಹಿಸುಕಿದರು. 1923ರಲ್ಲಿ ಸರಕಾರೀ ರಹಸ್ಯಗಳ ಕಾಯದೆಯನ್ನು ಮಾಡಿ ಕಚೇರಿಗಳ ಬಾಗಿಲು ಮುಚ್ಚಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ವರ್ತಮಾನಪತ್ರಗಳ ಮೇಲೆ ನಿರ್ಬಂಧದ ಕಾಯದೆಯು ಬಂದಿತ್ತು. ಆಳುವವನಿಗೆ ಪ್ರಜೆಯು ಪ್ರಶ್ನೆ ಹಾಕುವುದೇ ಅಪರಾಧವೆಂಬ ಆ ಭಾವನೆಯು ಸ್ವರಾಜ್ಯದೊಡನೆ ತೊಲಗಬೇಕಾಗಿತ್ತು. ಕುರ್ಚಿಯಲ್ಲಿ ಕುಳಿತವರು ಬದಲಾದರು. ಮೌನವೇ ಆಡಳಿತದ ಗಾಂಭೀರ್ಯವೆಂಬ ಹಳೆಯ ಅಭ್ಯಾಸವು ಬದಲಾಗಲಿಲ್ಲ.

ದುರಂತದ ತರುವಾಯ ಕಾಯದೆಗಳು ಬಾರದೆ ಇಲ್ಲ. 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯದೆಯು ಬಂದಿತು. 1987ರಲ್ಲಿ ಕಾರಖಾನೆಗಳ ಕಾಯದೆಯನ್ನು ತಿದ್ದಿ, ಅಪಾಯಕರ ವಸ್ತುಗಳ ವಿಷಯವನ್ನು ಕೆಲಸಗಾರರಿಗೂ ನೆರೆಹೊರೆಯ ಜನರಿಗೂ ತಿಳಿಸತಕ್ಕ ಹೊಣೆಯನ್ನು ಮಾಲಕರ ಮೇಲೆ ಹೊರಿಸಿದರು. 2005ರ ಮಾಹಿತಿ ಹಕ್ಕಿನ ಕಾಯದೆಯು, ಜೀವಕ್ಕೂ ಸ್ವಾತಂತ್ರ್ಯಕ್ಕೂ ಸಂಬಂಧಪಟ್ಟ ಮಾಹಿತಿಯನ್ನು 48 ತಾಸುಗಳೊಳಗೆ ಕೊಡಬೇಕೆಂದು ವಿಧಿಸಿತು. ಒಳಗಿನ ಅಕ್ರಮವನ್ನು ಹೊರಗೆ ಹೇಳಿದವರನ್ನು ಕಾಪಾಡುವ ಕಾಯದೆಯು 2014ರಲ್ಲಿ ಅಂಗೀಕೃತವಾಯಿತು. ಆದರೆ ವರುಷಗಳು ಉರುಳಿದರೂ ಅದನ್ನು ಜಾರಿಗೆ ತರುವ ಅಧಿಸೂಚನೆಯು ಹೊರಡಲಿಲ್ಲ. ಇವೆಲ್ಲವೂ ಕೇಳುವವನ ಹಕ್ಕನ್ನು ಬೆಳೆಸಿದುವು. ಕೇಳದೆಯೇ ಬಂದ ಎಚ್ಚರಿಕೆಗೆ ಉತ್ತರ ಕೊಡುವ ಕರ್ತವ್ಯವನ್ನು ಮಾತ್ರ ಯಾವ ಅಧಿಕಾರಿಯ ಹೆಗಲಿಗೂ ಸ್ಪಷ್ಟವಾಗಿ ಏರಿಸಲಿಲ್ಲ.

ಆದುದರಿಂದ ನಮ್ಮ ಸೂಚನೆಯು ಈ ಮೇರೆಗೆ ಇದೆ. ಕಾರಖಾನೆ, ಸೇತುವೆ, ಆಸ್ಪತ್ರೆ, ಶಾಲೆಯ ಕಟ್ಟಡ ಮುಂತಾದವುಗಳಿಂದ ಪ್ರಾಣಾಪಾಯವುಂಟೆಂದು ಪತ್ರಿಕೆಯೊಂದು ಆಧಾರಸಹಿತವಾಗಿ ಪ್ರಕಟಿಸಿದರೆ, ಸಂಬಂಧಪಟ್ಟ ಖಾತೆಯು ಹದಿನೈದು ದಿನಗಳೊಳಗಾಗಿ ಸ್ಥಳಪರೀಕ್ಷೆ ನಡೆಯಿಸಿ, ಕಂಡುದನ್ನು ಪರೀಕ್ಷಿಸಿದವರ ಹೆಸರಿನೊಡನೆ ಪ್ರಕಟಿಸತಕ್ಕದ್ದು. ಹಾಗೆ ಮಾಡದ ಅಧಿಕಾರಿಯು, ಮುಂದೆ ಅನಾಹುತವಾದರೆ, ತನಗೆ ತಿಳಿಯದೆಂದು ಹೇಳುವ ಅವಕಾಶವಿರಕೂಡದು. ಇದಕ್ಕೆ ಹೊಸ ಇಲಾಖೆಯಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಕಾರಖಾನೆಗಳ ತಪಾಸಣೆಗೆ ನಮ್ಮ ರಾಜ್ಯದಲ್ಲಿಯೂ ಇಲಾಖೆಯುಂಟು, ಇನ್‌ಸ್ಪೆಕ್ಟರರುಂಟು. ಅವರ ವರದಿಗಳು ಕಪಾಟುಗಳಿಂದ ಹೊರಗೆ ಬರಬೇಕು, ಅಷ್ಟೇ.

ಅಧಿಕಾರಿವರ್ಗದಲ್ಲಿಯೂ ಸಜ್ಜನರು ಬಹಳ ಜನರಿರುವರೆಂಬುದನ್ನು ನಾವು ಬಲ್ಲೆವು. ಕಡತದಲ್ಲಿ ಬರೆದ ಟಿಪ್ಪಣಿಯನ್ನು ಮೇಲಿನವರು ಓದದೆ ಮುಚ್ಚಿದಾಗ ಮನಸ್ಸಿನಲ್ಲಿಯೇ ಕುದಿದವರೂ ಈ ಪುಟವನ್ನು ಓದುತ್ತಿರಬಹುದು. ಅವರಿಗೆ ನಮ್ಮ ಬಿನ್ನಹವು ಒಂದೇ: ಪತ್ರಿಕೆಯವನು ನಿಮ್ಮ ವೈರಿಯಲ್ಲ, ನಿಮ್ಮ ಟಿಪ್ಪಣಿಯನ್ನು ಊರು ಓದುವಂತೆ ಮಾಡುವವನು. ವಾಚಕರಾದರೂ, ನಾಳಿನ ಅಪಾಯವನ್ನು ಇಂದೇ ಹೇಳುವ ಸಣ್ಣ ಪತ್ರಿಕೆಯನ್ನು ಕೊಂಡು ಓದಿ, ಅದು ಹಾಕಿದ ಪ್ರಶ್ನೆಯನ್ನು ತಮ್ಮ ನಗರಸಭೆಯ ಸದಸ್ಯರ ಮುಂದೆಯೂ ಶಾಸಕರ ಮುಂದೆಯೂ ಇಡಬೇಕು. ಒಬ್ಬನು ಕೇಳಿದರೆ ಅದು ಗೊಣಗಾಟವೆನಿಸುವುದು. ನೂರು ಜನ ಕೇಳಿದರೆ ಉತ್ತರ ಬರುವುದು.

ಭೋಪಾಳದಲ್ಲಿ ಕೇಳಿದವನು ಒಬ್ಬನೇ ಆಗಿದ್ದನು. ಮುಂದಿನ ಊರು ಯಾವುದೆಂದು ಯಾರೂ ಬಲ್ಲವರಿಲ್ಲ. ಆ ಊರಿನಲ್ಲಿ ಎಚ್ಚರಿಸುವವನು ಇಂದೇ ಬರೆಯುತ್ತಿರಬಹುದು. ಅವನಿಗೆ ಉತ್ತರ ದೊರೆಯುವಂತೆ ಮಾಡುವುದು ನಮ್ಮೆಲ್ಲರ ಹೊಣೆಯಾಗಿದೆ.