ಮೊದಲು ಜೀವ, ಆಮೇಲೆ ದಂಡ
ಮಳೆಗಾಲದಲ್ಲಿ ಕುಮಾರಧಾರಾ ಉಕ್ಕಿ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದ ಸ್ನಾನಘಟ್ಟ ಮುಳುಗಿದರೂ ಎಚ್ಚರಿಕೆ ಮೀರಿ ನೀರಿಗಿಳಿಯುವವರಿದ್ದಾರೆ. ಪುತ್ತೂರು, ಸುಳ್ಯ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವವರೂ ಇದ್ದಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಾವು ಕೈಕಟ್ಟಿ ನಿಲ್ಲಬಹುದೇ? ಕೊಚ್ಚಿಹೋಗುತ್ತಿರುವವನ ತಪ್ಪನ್ನು ದಡದಲ್ಲಿ ನಿಂತು ಲೆಕ್ಕಹಾಕಿದರೆ ಕೊನೆಗೆ ಸಿಗುವುದು ಹೆಣ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಠಾಣೆ, ಕೋರ್ಟುಗಳ ಅಲೆದಾಟ ತಪ್ಪಲೆಂದೇ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಬಿದ್ದವನು ಹೆಲ್ಮೆಟ್ ಹಾಕಿದ್ದನೇ ಎಂಬ ಷರತ್ತನ್ನು ಅದು ಒಡ್ಡುವುದಿಲ್ಲ. ಹಾಗೆಂದು ಉಡಾಫೆಗೆ ಮಾಫಿ ಬೇಡ. ಅಂಥವರನ್ನು ಎತ್ತಲು ಹೊಳೆಗೆ ಹಾರುವ ಊರಿನ ಈಜುಗಾರರದೂ ಜೀವವೇ. ಮೊದಲು ಬದುಕಿಸೋಣ, ಚೇತರಿಸಿಕೊಂಡ ಮೇಲೆ ಮುಲಾಜಿಲ್ಲದೆ ದಂಡ ವಸೂಲಿ ಮಾಡೋಣ.