ಟೋಪಿ

ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಕಿಸಿಕೊಂಡವರಿಗಂತೂ ಹೇಳಲೇಬೇಕಾಗಿಲ್ಲ. ಒಬ್ಬರಿಂದ ಟೋಪಿ ಹಾಕಿಸಿಕೊಂಡ ನಾವು ಕೊನೆಗೆ ನಮ್ಮ ಕೈಯಾರೆ ಇನ್ನೊಂದಕ್ಕೆ ಟೋಪಿ ಹಾಕಿ ಮಾನ ಉಳಿಸಿಕೊಂಡೆವು. ಆ ಇನ್ನೊಂದೆಂದರೆ ನಮ್ಮ ಮನೆಯ ಯೆಜ್ಡಿ ಮೋಟಾರ್ ಸೈಕಲ್ಲು. ಈ ಸಲದ ನಮ್ಮ ಹರಟೆ ಅದಕ್ಕೇ ಮೀಸಲು.

ಗಾಡಿ ಮೈಸೂರಿನ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1960ರ ದಶಕದ ಮೊದಲಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಅನುಮತಿ ಪಡೆದು ಕೆಲಸ ಆರಂಭಿಸಿದ ಆ ಕಾರ್ಖಾನೆ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಮಾರಿ, 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಆ ಹೆಸರು ಮತ್ತೆ ಪೇಟೆಗೆ ಬಂದಿತಾದರೂ ಯಂತ್ರ ಬೇರೆ, ಸದ್ದೂ ಬೇರೆ. ನಮ್ಮ ತಂದೆಯವರು 1984ರಲ್ಲಿ ಕೊಂಡ ಗಾಡಿ ಹಳೆಯ ಜಾತಿಯದು. ಅವರು ಪೆರಂಬೂರಿಗೆ ನಮ್ಮೊಡನೆ ಇರಲು ಬಂದಾಗ ಒಂದು ಟ್ರಂಕು, ಒಂದು ಪೂಜಾ ಪೆಟ್ಟಿಗೆ ಮತ್ತು ಈ ಗಾಡಿ, ಇಷ್ಟೇ ಅವರ ಆಸ್ತಿ.

ಪೆರಂಬೂರಿನಲ್ಲಿ ಯೆಜ್ಡಿ ಇಟ್ಟುಕೊಳ್ಳುವುದು ಸುಲಭವಲ್ಲ. 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪನಿ ಬುಲೆಟ್ಟುಗಳನ್ನು ಕಟ್ಟಿದ ತಿರುವೊಟ್ಟಿಯೂರು ಇಲ್ಲಿಗೆ ಹತ್ತಿರವೇ. ಬುಲೆಟ್ಟಿನ ತವರಿನಲ್ಲಿ ನಮ್ಮದು ಹೊರಗಿನಿಂದ ಬಂದ ಸೊಸೆ. ಕೆಮ್ಮಿದರೂ ನೆರೆಹೊರೆಯವರು ನಗುತ್ತಾರೆ.

ಕಳೆದ ಹಿಂಗಾರಿನಲ್ಲಿ ಅದು ಕೆಮ್ಮತೊಡಗಿತು. ಬೆಳಿಗ್ಗೆ ಬಿಸಿಲಿದ್ದರೆ ಸುಮ್ಮನಿರುತ್ತಿತ್ತು. ನಾಲ್ಕು ಹನಿ ಬಿದ್ದರೆ ಸಾಕು, ಎಳೆದು ಓಡಿಸುವಾಗ ಮುಗ್ಗರಿಸುತ್ತಿತ್ತು. ಒಂದು ಸಂಜೆ ತಂದೆಯವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದು ಹಿಂದಿರುಗುತ್ತಿದ್ದೆವು. ವ್ಯಾಸರಪಾಡಿಯ ಬಳಿ, ಸುರಿಯುವ ಮಳೆಯಲ್ಲಿ, ಗಾಡಿ ನಿಂತೇಬಿಟ್ಟಿತು. ಹೊಲಿದ ಕಣ್ಣಿಗೆ ಕರವಸ್ತ್ರ ಅಡ್ಡ ಹಿಡಿದು ತಂದೆಯವರು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ನಾವು ಒದ್ದೆವು, ಒದ್ದೆವು, ಕಾಲು ನೋಯುವವರೆಗೆ ಒದ್ದೆವು. ಕೊನೆಗೆ ಅವರನ್ನು ಆಟೋದಲ್ಲಿ ಕಳುಹಿಸಿ ಗಾಡಿಯನ್ನು ತಳ್ಳಿಕೊಂಡು ಮನೆ ಸೇರಿದೆವು.

ಮರುದಿನ ಕಾಫಿ ಕುಡಿಯುತ್ತ ತಂದೆಯವರು, “ಮಾರಿಬಿಡಪ್ಪ, ಅದಕ್ಕೂ ವಯಸ್ಸಾಯಿತು,” ಎಂದರು. ‘ಅದಕ್ಕೂ’ ಎಂಬ ಮಾತು ನಮ್ಮನ್ನು ಚುಚ್ಚಿತು.

ಒಬ್ಬ ಮೆಕ್ಯಾನಿಕ್ಕನ ಬಳಿ ಹೋದೆವು. ಆತ ಪ್ಲಗ್ಗು ಬಿಚ್ಚಿ, ಕಿಡಿ ನೋಡಿ, “ಕಾಯಿಲು ಹೋಗಿದೆ ಸಾರ್,” ಎಂದು ತೀರ್ಪಿತ್ತ. ಹೊಸ ಕಾಯಿಲು ಬಂತು, ಸಂಬಳದ ಒಂದು ತುಂಡು ಹೋಯಿತು. ಮುಂದಿನ ಮಳೆಗೆ ಗಾಡಿ ಮತ್ತೆ ನಿಂತಿತು. ಅಷ್ಟರಲ್ಲಿ ಗುಜರಿಯವನೊಬ್ಬ ಮೂಗಿನಲ್ಲೇ ವಾಸನೆ ಹಿಡಿದು ಬಂದು ಬೆಲೆ ಹೇಳಿ ಹೋದ. ಭಾನುವಾರ ಬರುತ್ತೇನೆಂದ.

ಶನಿವಾರ ರಾತ್ರಿ ತಂದೆಯವರು, “ದೀಪ ಆರಿಸಿ ನೋಡಿದೆಯೇನೋ?” ಎಂದು ಕೇಳಿದರು. ನಾವು ಬೆಳಕಿನಲ್ಲಿ ನೋಡಿದ್ದೆವೇ ಹೊರತು ಕತ್ತಲೆಯಲ್ಲಿ ನೋಡಿರಲಿಲ್ಲ. ಗಾಡಿಯನ್ನು ಬಯಲಾದ ಅಂಗಳಕ್ಕೆ ತಂದು (ಮುಚ್ಚಿದ ಜಾಗದಲ್ಲಿ ಎಂಜಿನ್ನು ಓಡಿಸಿದರೆ ಹೊಗೆ ಪ್ರಾಣಕ್ಕೇ ಅಪಾಯ) ಚಾಲೂ ಮಾಡಿದೆವು. ನಮ್ಮಾಕೆ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಂದು ಪ್ಲಗ್ಗಿನ ಟೋಪಿಯ ಮೇಲೆ ದೂರದಿಂದ ಮಂಜಿನಂತೆ ನೀರು ಸಿಂಪಡಿಸಿದರು. ದೀಪ ಆರಿತು. “ತಾತಾ, ಮಿಂಚು!” ಎಂದು ಮಗಳು ಕೂಗಿದಳು. ಟೋಪಿಯ ಬಿರುಕಿನಿಂದ ಎಂಜಿನ್ನಿನ ರೆಕ್ಕೆಗಳಿಗೆ ನೀಲಿಯ ಎಳೆಗಳು ಚಟಚಟನೆ ಹಾರುತ್ತಿದ್ದವು. ಗಾಡಿ ಕೆಮ್ಮಿತು. ತಂದೆಯವರು ಹೊಲಿದ ಕಣ್ಣನ್ನೂ ತೆರೆದು ನೋಡಿ ನಕ್ಕರು.

ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಾಯಿಲು ಮೇಲಧಿಕಾರಿ. ಬ್ಯಾಟರಿಯ 6 ವೋಲ್ಟನ್ನು 10,000 ವೋಲ್ಟಿಗೂ ಮೀರಿ ಏರಿಸಿ ಆಜ್ಞೆ ಹೊರಡಿಸುತ್ತದೆ. ಪ್ಲಗ್ಗು ಅದನ್ನು ಜಾರಿ ಮಾಡುವ ಗುಮಾಸ್ತ. ನಡುವಿನ ತಂತಿ ಮತ್ತು ಟೋಪಿ ಕಡತ ಒಯ್ಯುವ ಜವಾನರು. ಜವಾನ ದಾರಿಯಲ್ಲೇ ಕಡತ ಕಳೆದರೆ ಮೇಲಧಿಕಾರಿಯನ್ನು ವರ್ಗ ಮಾಡಿ ಏನು ಫಲ? ಒಣಗಿದ ದಿನ ಬಿರುಕು ಸುಮ್ಮನಿರುತ್ತದೆ. ತೇವ ಕುಳಿತಾಗ ವಿದ್ಯುತ್ತಿಗೆ ಅದೇ ಹತ್ತಿರದ ದಾರಿ. ಇಬ್ಬರು ಕುಳಿತು ಎಳೆಯುವಾಗ ಸಿಲಿಂಡರಿನ ಒಳಗೆ ಒತ್ತಡ ಹೆಚ್ಚಿ, ಕಿಡಿ ಹಾರಲು ಹೆಚ್ಚು ವೋಲ್ಟು ಬೇಕಾಗುತ್ತದೆ. ಆದ್ದರಿಂದಲೇ ನಿಂತಲ್ಲಿ ಗುನುಗುವ ಗಾಡಿ ದಾರಿಯಲ್ಲಿ ಮುಗ್ಗರಿಸುತ್ತಿದ್ದುದು.

ಭಾನುವಾರ ಗುಜರಿಯವನಿಗೆ ಮುಂಚೆ ನಾವು ಪುದುಪೇಟೆಗೆ ಹೊರಟೆವು. ಬಿಡಿಭಾಗಗಳ ಆ ಬೀದಿಗಳಲ್ಲಿ 5,000 ಓಮಿನ ತಡೆಯುಳ್ಳ ಒಂದು ಟೋಪಿಯನ್ನೂ ಒಂದು ಮೀಟರು ತಾಮ್ರದೆಳೆಯ ತಂತಿಯನ್ನೂ ಕೊಂಡೆವು. ಎರಡಕ್ಕೂ ಸೇರಿ ಕಾಯಿಲಿನ ಬೆಲೆಯ ಐದನೆಯ ಒಂದು ಪಾಲೂ ಆಗಲಿಲ್ಲ. ಆ ತಡೆ ಏಕೆಂದು ಕೇಳಿದಾಗ ತಂದೆಯವರು, ಹಿಂದೆ ತಡೆಯಿಲ್ಲದ ಗಾಡಿ ಬೀದಿಯಲ್ಲಿ ಹೋದರೆ ಮನೆಯ ರೇಡಿಯೋದಲ್ಲಿ ಸಂಗೀತಕ್ಕೆ ಬದಲು ಬರೀ ಕರಕರ ಸದ್ದು ಬರುತ್ತಿದ್ದುದನ್ನು ನೆನೆದರು.

ಹಳೆಯ ಗಾಡಿ ಇಟ್ಟುಕೊಂಡಿರುವ ಓದುಗರಿಗಾಗಿ ನಾವು ಮಾಡಿದ್ದನ್ನು ಹೇಳುತ್ತೇವೆ. ಬೀಗದ ಕೈ ತೆಗೆದು, ಎಂಜಿನ್ನು ತಣಿದ ಮೇಲೆ ಟೋಪಿಯನ್ನು ಪ್ಲಗ್ಗಿನಿಂದ ಕಿತ್ತೆವು. ತಂತಿಯನ್ನು ಹಿಡಿದು ಎಳೆಯಬಾರದು, ಟೋಪಿಯನ್ನೇ ಹಿಡಿದು ಎಳೆಯಬೇಕು. ಬಳಿಕ ಟೋಪಿಯನ್ನು ಎಡಕ್ಕೆ ತಿರುಗಿಸಿ ತಂತಿಯಿಂದ ಬಿಡಿಸಿದೆವು. ಒಳಗಿನ ತಾಮ್ರ ಹಸಿರುಗಟ್ಟಿತ್ತು. ಸಮುದ್ರದ ಗಾಳಿಯ ಊರಿನಲ್ಲಿ ಇದು ಸಾಮಾನ್ಯ. ತಂತಿ ಮೆತ್ತಗಿದ್ದರೆ ಆ ತುದಿಯನ್ನು ಅರ್ಧ ಅಂಗುಲ ಕತ್ತರಿಸಿದರೆ ಸಾಕು. ನಮ್ಮದು ಮಡಿಸಿದರೆ ಬಿರಿಯುವಷ್ಟು ಗಡುಸಾಗಿತ್ತಾಗಿ ಕಾಯಿಲಿನಿಂದಲೇ ಹೊಸ ತಂತಿ ಎಳೆದೆವು. ತುದಿಯನ್ನು ನೇರವಾಗಿ ಕತ್ತರಿಸಿ, ಟೋಪಿಯೊಳಗಿನ ತಿರುಪಿನ ಮೊಳೆ ತಾಮ್ರದೆಳೆಗಳ ನಟ್ಟನಡುವೆ ಹೊಗುವಂತೆ ಬಲಕ್ಕೆ ತಿರುಗಿಸಿ ಬಿಗಿದೆವು. ಮೆಲ್ಲಗೆ ಎಳೆದು ನೋಡಿದಾಗ ಬಿಡಲಿಲ್ಲ. ಇಂಗಾಲದ ನೂಲಿನ ತಂತಿಗೆ ಮಾತ್ರ ಈ ತಿರುಪಿನ ಟೋಪಿ ಸಲ್ಲದು, ಮೊಳೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಸುತ್ತುವ ಟೇಪು ಮನೆ ಮುಟ್ಟಿಸುವಷ್ಟಕ್ಕೆ ಸರಿ, ಅದನ್ನೇ ಸಂಸಾರವೆಂದು ನಂಬಬಾರದು. ಓಡುವ ಎಂಜಿನ್ನಿನ ತಂತಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು.

ಮೀಟರಿರುವ ನೆರೆಯವರಿದ್ದರೆ ಟೋಪಿಯ ಎರಡು ತುದಿಗೂ ಕಡ್ಡಿ ಹಿಡಿದು ನೋಡಿ. ಹೊಸದು 5,000 ಓಮಿನ ಆಸುಪಾಸು ತೋರಿಸಿತು. ಹಳೆಯದರಲ್ಲಿ ಅಂಕಿ ಅಲುಗಿಸಿದಂತೆಲ್ಲ ಕುಣಿಯಿತು. ಕಾಯಿಲು ಕೊಳ್ಳುವ ಮೊದಲೇ ನಾವು ಈ ಎರಡು ನಿಮಿಷದ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಮೆಕ್ಯಾನಿಕ್ಕನ ತಪ್ಪು ಅರ್ಧ, ವಿಚಾರಿಸದೆ ಹಣ ಎಣಿಸಿದ ಬಿ.ಎ. ಪದವೀಧರರ ತಪ್ಪು ಅರ್ಧ.

ಗುಜರಿಯವನು ಹನ್ನೊಂದಕ್ಕೆ ಬಂದ. ಅಂಗಳದಲ್ಲಿ ನಮ್ಮಾಕೆ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದರು, ಗಾಡಿ ಕೆಮ್ಮದೆ ಗುಡುಗುಡಿಸುತ್ತಿತ್ತು. ಆತ ಸ್ವಲ್ಪ ಹೊತ್ತು ನಿಂತು, ಬೆಲೆ ಐನೂರು ಏರಿಸಿದ. ತಂದೆಯವರು ಕುರ್ಚಿಯಿಂದಲೇ, ತಮಗೆ ಬರುವಷ್ಟು ತಮಿಳಿನಲ್ಲಿ, “ಇಲ್ಲಪ್ಪಾ, ವೇಂಡಾಂ,” ಎಂದರು.

ಆ ಸಂಜೆ ಮಳೆ ಬಂತು. ಕಣ್ಣು ಪೂರ್ತಿ ವಾಸಿಯಾಗುವವರೆಗೆ ಹೊರಗೆ ಕೂಡದೆಂದು ನಾವು ಎಷ್ಟು ಹೇಳಿದರೂ ಕೇಳದೆ, ತಂದೆಯವರು ತಲೆಗೆ ಉಣ್ಣೆಯ ಟೋಪಿ ಸಿಕ್ಕಿಸಿ, ಅದರ ಮೇಲೆ ಹೆಲ್ಮೆಟ್ಟು ಏರಿಸಿ ಹಿಂದಿನ ಸೀಟಿನಲ್ಲಿ ಕುಳಿತರು. ರೈಲು ಡಬ್ಬಿ ಕಾರ್ಖಾನೆಯವರೆಗೆ ಹೋಗಿ ಬಂದೆವು. ಎಲ್ಲಿಯೂ ನಿಲ್ಲಲಿಲ್ಲ. ಬೈಗಳು ಮಾತ್ರ ಮನೆಯಲ್ಲಿ ಕಾದಿದ್ದವು, ಇಬ್ಬರಿಗೂ ಸಮನಾಗಿ ಹಂಚಲಾಯಿತು.